ಸಹಾಯ ಬೇಕು: ದೊಡ್ಡಪ್ಪನಿಗೆ ಯಾವ ಲೆಕ್ಕ ತೋರಿಸಲಿ?

ನಮಸ್ಕಾರ. ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕೋಣ, ತಿಂಗಳಿಗೆ 5,000 ರೂಪಾಯಿ ಕೊಡಿ ಎಂದರೆ ದೊಡ್ಡಪ್ಪ, "ಲೈಕು ತಗೊಂಡು ಒಲೆಗೆ ಹಾಕ್ಲಾ?" ಅನ್ನುತ್ತಾರೆ. ಅವರದ್ದೂ ತಪ್ಪಲ್ಲ ಬಿಡಿ. ಕೊಪ್ಪರಿಗೆಯಿಂದ ಬಿಸಿ ಪಾಕ ಸುರಿಯುವ ರೀಲನ್ನು ಸಾವಿರಾರು ಜನ ನೋಡಿದರು. ಅಚ್ಚು ಬೆಲ್ಲ ಕೇಳಿದ್ದು ಮೂರೇ ಜನ. ಅದರಲ್ಲಿ ಒಬ್ಬರು ನಮ್ಮ ಅತ್ತೆ!

ಜಾಹೀರಾತಿಗೆಂದೇ ಬೇರೆ ವಾಟ್ಸಾಪ್ ನಂಬರ್ ಇಟ್ಟು, ಅಲ್ಲಿ ಬಂದ ಆರ್ಡರ್ ಮಾತ್ರ ಎಣಿಸೋಣ ಅಂದುಕೊಂಡಿದ್ದೇನೆ. ಜಾಹೀರಾತಿನ ಮೇಲೆ 18% ಜಿಎಸ್‌ಟಿ ಬೇರೆ ಇದೆ, ಕೊರಿಯರ್ ಖರ್ಚೂ ಸೇರಿಸಬೇಕು, ಅಲ್ವಾ? ಆದರೆ ಒಮ್ಮೆ ತಗೊಂಡವರು ಮತ್ತೆ ಮತ್ತೆ ತರಿಸಿದರೆ ಆ ಲಾಭವನ್ನು ಹೇಗೆ ಬರೆಯುವುದು? ಎಷ್ಟು ತಿಂಗಳು ನೋಡಿ ತೀರ್ಮಾನ ಮಾಡಬೇಕು? ಮನೆಯಲ್ಲಿ ಹಿರಿಯರನ್ನು ಒಪ್ಪಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.