ಗ್ರಾಫೀನ್ ಆಕ್ಸೈಡ್ ಜಾಸ್ತಿ ಹಾಕಿದರೆ ಮೆಂಬ್ರೇನ್ ಕೆಡುತ್ತಿದೆ, ಯಾಕೆ?

ಮದ್ದೂರು_ಹುಡುಗಿ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಪಾಲಿಸಲ್ಫೋನ್ ಅನ್ನುವ ಪಾಲಿಮರ್‌ನಿಂದ (ಒಂದು ಬಗೆಯ ಪ್ಲಾಸ್ಟಿಕ್) ಮೆಂಬ್ರೇನ್, ಅಂದರೆ ನೀರು ಸೋಸುವ ತೆಳು ಪೊರೆ ಮಾಡುತ್ತಿದ್ದೇನೆ. ಬರೀ ಪಾಲಿಮರ್‌ನಲ್ಲಿ ನೀರು ನಿಧಾನವಾಗಿ ಇಳಿಯುತ್ತಿತ್ತು. ಅದರ ತೂಕದ 0.2% ಗ್ರಾಫೀನ್ ಆಕ್ಸೈಡ್ (ಇಂಗಾಲದ ಅತಿ ತೆಳು ಹಾಳೆಗಳ ಪುಡಿ) ಸೇರಿಸಿದೆ, ಚೆನ್ನಾಗಿ ಇಳಿಯಿತು. ಖುಷಿಯಲ್ಲಿ 2% ಹಾಕಿದೆ. ನೀರೂ ಕಮ್ಮಿಯಾಯಿತು, ತಡೆಯಬೇಕಾದ ಪ್ರೋಟೀನ್ ಕೂಡ ಸೋರಿತು. ಮೂರು ಸಲವೂ ಹೀಗೇ. ನಮ್ಮೂರಿನ ಬೋರ್‌ವೆಲ್ ನೀರು ತುಂಬಾ ಗಡಸು. ಅಮ್ಮ ದಿನಾ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋಗುತ್ತಾರೆ. ಆ ನೀರಿಗೆ ಇದು ಆಗಬಹುದಾ ಅಂತ ನನಗೆ ಆಸೆ.

ಪೊರೆ_ಅಣ್ಣ:
ತಂಗಿ, ಪುಡಿಯನ್ನು ನೇರವಾಗಿ ಪಾಲಿಮರ್ ದ್ರಾವಣಕ್ಕೆ ಸುರಿದೆಯಾ? ನಾನೂ ಅದನ್ನೇ ಮಾಡಿ ನಾಲ್ಕು ತಿಂಗಳು ಕಳೆದುಕೊಂಡೆ.

ಗ್ರಾಫೀನ್ ಆಕ್ಸೈಡ್ ಹಾಳೆಗಳ ಮೇಲೆ ಆಕ್ಸಿಜನ್ ಇರುವ ಪರಮಾಣು ಗುಂಪುಗಳಿವೆ. ಅವಕ್ಕೆ ನೀರು ಅಂದರೆ ಇಷ್ಟ. ಸ್ವಲ್ಪ ಇದ್ದಾಗ ಮೇಲ್ಮೈ ಬೇಗ ಒದ್ದೆಯಾಗುತ್ತದೆ, ರಂಧ್ರಗಳೂ ಚೆನ್ನಾಗಿ ಬಿಡುತ್ತವೆ. ಜಾಸ್ತಿಯಾದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸರಿಯಾಗಿ ತಿರುವದ ರಾಗಿಮುದ್ದೆಯಲ್ಲಿ ಗಂಟು ಉಳಿಯುತ್ತದಲ್ವಾ, ಹಾಗೆ. ಗಂಟಿನ ಸುತ್ತ ಸಂದಿ ಬಿಟ್ಟರೆ ಪ್ರೋಟೀನ್ ಅಲ್ಲಿಂದ ನುಸುಳುತ್ತದೆ. ಜೊತೆಗೆ ದ್ರಾವಣ ಗಟ್ಟಿಯಾಗುತ್ತದೆ. ದ್ರಾವಣ ಸವರಿದ ಗಾಜನ್ನು ನೀರಿಗೆ ಇಳಿಸಿದಾಗ ಎನ್‌ಎಂಪಿ (ಪಾಲಿಮರ್ ಕರಗಿಸುವ ದ್ರವ) ಹೊರಗೆ ಹೋಗಿ ನೀರು ಒಳಗೆ ಬರುವುದು ನಿಧಾನ. ರಂಧ್ರ ಚಿಕ್ಕದಾಗುತ್ತದೆ, ನೀರು ಇಳಿಯುವುದೂ ಕಮ್ಮಿ.

ಮೊದಲು ಪುಡಿಯನ್ನು ಬರೀ ಎನ್‌ಎಂಪಿಯಲ್ಲಿ ಕಲೆಸಿ ಸೋನಿಕೇಟರ್‌ಗೆ (ಶಬ್ದದ ಅಲೆಗಳಿಂದ ಗಂಟು ಬಿಡಿಸುವ ಯಂತ್ರ) ಇಡು. ಬಿಸಿಯಾಗುತ್ತದೆ, ಬೀಕರ್ ಸುತ್ತ ಐಸ್ ಇರಲಿ. ಆಮೇಲೆ ಪಾಲಿಮರ್ ಸ್ವಲ್ಪ ಸ್ವಲ್ಪವೇ ಹಾಕು. ಗುಳ್ಳೆ ಹೋಗಲು ರಾತ್ರಿಯಿಡೀ ಬಿಡು. 2% ಬೇಡವೇ ಬೇಡ. 0.3, 0.5 ನೋಡು. ಈಗಿರುವ ಮೆಂಬ್ರೇನನ್ನು ಒಮ್ಮೆ ಕಿಟಕಿ ಬೆಳಕಿಗೆ ಹಿಡಿ, ಗಂಟು ಕಾಣುತ್ತದಾ ನೋಡು.

ಕಾವೇರಿ_ತೀರ:
ಅಣ್ಣ ಹೇಳಿದ್ದು ಸರಿ. ಆದರೆ ಅಮ್ಮನ ನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಗಡಸುತನ ಅಂದರೆ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಪ್ರೋಟೀನ್ ತಡೆಯುವ ರಂಧ್ರಕ್ಕೆ ಅವು ಸಿಗುವುದಿಲ್ಲ, ಆರಾಮವಾಗಿ ದಾಟುತ್ತವೆ. ಫ್ಲೋರೈಡ್ ಕೂಡ ಅಷ್ಟೇ. ಆರ್‌ಓ ಫಿಲ್ಟರ್‌ನಲ್ಲಿ ಇವನ್ನು ತಡೆಯುವ ಕೆಲಸ ಮಾಡುವುದು ಪಾಲಿಸಲ್ಫೋನ್ ಮೇಲಿರುವ ತೆಳು ಪಾಲಿಅಮೈಡ್ ಪದರ. ನಿಮ್ಮದು ಅದರ ಕೆಳಗಿನ ಆಧಾರ ಆಗಬಹುದು. ಹಾಗಂತ ಕೈಬಿಡಬೇಡಿ, ಆಧಾರ ಚೆನ್ನಾಗಿದ್ದರೆ ನೀರು ಸಲೀಸಾಗಿ ಇಳಿಯುತ್ತದೆ. ಇನ್ನೊಂದು, ಇಳಿದ ನೀರಿನಲ್ಲಿ ಗ್ರಾಫೀನ್ ಆಕ್ಸೈಡ್ ಕಳಚಿ ಬರುತ್ತಿದೆಯಾ ಅಂತ ಪರೀಕ್ಷಿಸದೆ ಯಾರಿಗೂ ಕುಡಿಯಲು ಕೊಡಬೇಡಿ.

ಮದ್ದೂರು_ಹುಡುಗಿ:
ಕಿಟಕಿಗೆ ಹಿಡಿದು ನೋಡಿದೆ ಅಣ್ಣ. 2%ದರಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. 0.2%ದರಲ್ಲಿ ಒಂದೂ ಇಲ್ಲ. ಹೌದು, ಪುಡಿಯನ್ನು ನೇರವಾಗಿಯೇ ಸುರಿದಿದ್ದೆ. ಪಾಲಿಅಮೈಡ್ ವಿಷಯ ಗೈಡ್ ಹತ್ತಿರ ಕೇಳುತ್ತೇನೆ. ನಾಳೆ ಐಸ್ ತಗೊಂಡು ಹೋಗಿ 0.3ರಿಂದ ಶುರು ಮಾಡುತ್ತೇನೆ.