ರಿಪೋರ್ಟಿನ ತುಂಬಾ 'ಫ್ರಾಗ್ಮೆಂಟ್' ಅಂತ ಕೆಂಪು ಸುತ್ತು. ಎಲ್ಲಿ ತಪ್ಪುತ್ತಿದ್ದೇನೆ?

ಲೇತ್ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ. ಈಗ ಪೀಣ್ಯದ ಒಂದು ಮಷೀನ್ ಶಾಪಲ್ಲಿ ಕೆಲಸ. ನೈಟ್ ಶಿಫ್ಟ್ ಮುಗಿದ ಮೇಲೆ ಇಂಗ್ಲಿಷಲ್ಲಿ ರಿಪೋರ್ಟ್ ಬರೀಬೇಕು. ಮ್ಯಾನೇಜರ್ ಅದನ್ನ ಪ್ರಿಂಟ್ ತೆಗೆದು, ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಫ್ರಾಗ್ಮೆಂಟ್' ಅಂತ ಬರೆದು ವಾಪಸ್ ಕೊಡ್ತಾರೆ. ಯಾಕೆ ಅಂತ ಹೇಳಲ್ಲ. ಕೇಳೋಕೆ ನಂಗೂ ಮುಜುಗರ. ನಿನ್ನೆಯದು ಹೀಗಿತ್ತು, ಸುತ್ತು ಬಿದ್ದ ಸಾಲಿಗೆ ನಂಬರ್ ಹಾಕಿದ್ದೀನಿ:

ದಿ ಮಷೀನ್ ಸ್ಟಾಪ್ಡ್ ಅಟ್ 2.40.
1. ಬಿಕಾಸ್ ದಿ ಕೂಲಂಟ್ ಪಂಪ್ ವಾಸ್ ನಾಟ್ ವರ್ಕಿಂಗ್.
2. ಆಪರೇಟರ್ ಚೆಕಿಂಗ್ ದಿ ಫಿಲ್ಟರ್.
3. ಓಲ್ಡ್ ಫಿಲ್ಟರ್ ವೆರಿ ಡರ್ಟಿ.
4. ಇನ್‌ಫಾರ್ಮ್ಡ್ ಟು ಮೇಂಟೆನೆನ್ಸ್.
5. ಟ್ವೆಲ್ವ್ ಜಾಬ್ಸ್ ರಿಜೆಕ್ಟೆಡ್.
6. ವಿಚ್ ಈಸ್ ಎ ಬಿಗ್ ಲಾಸ್.
ಪಂಪ್ ಫೇಲ್ಡ್ ಅಗೇನ್.

ಕೊನೇದು ನೋಡಿ, ಮೂರೇ ಪದ, ಅದಕ್ಕೆ ಸುತ್ತಿಲ್ಲ. ಏಳು ಪದ ಇರೋ ಒಂದನೇ ನಂಬರಿಗೆ ಸುತ್ತು! ತಲೆ ಕೆಟ್ಟೋಗಿದೆ.

ತೆಂಗಿನಗರಿ:
ಗುರು, ಸಿಂಪಲ್. ಚಿಕ್ಕ ಚಿಕ್ಕದಾಗಿ ಬರೀಬೇಡ, ಇನ್ನೂ ಉದ್ದ ಮಾಡು. ಮತ್ತೆ ಬಿಕಾಸ್ ಇಂದ ವಾಕ್ಯ ಶುರು ಮಾಡೋ ಹಾಗೇ ಇಲ್ಲ, ನಮ್ಮ ಮೇಷ್ಟ್ರು ಅದಕ್ಕೆ ಬೆರಳ ಗೆಣ್ಣಿಗೆ ಹೊಡೀತಿದ್ರು.

ಧಾರವಾಡದ ಟೀಚರ್:
ಹಂಗಲ್ಲರೀ. ಪೆಟ್ಟು ತಿಂದಿದ್ದು ಖರೆ ಇರಬಹುದು, ನಿಯಮ ಮಾತ್ರ ಖರೆ ಅಲ್ಲ. 'ಬಿಕಾಸ್ ದಿ ಪಂಪ್ ಫೇಲ್ಡ್, ದಿ ಮಷೀನ್ ಸ್ಟಾಪ್ಡ್' ಅಪ್ಪಟ ಸರಿ ಇರೋ ವಾಕ್ಯ. ಫ್ರಾಗ್ಮೆಂಟ್ ಅಂದರೆ ಅರ್ಧಕ್ಕೇ ನಿಂತ ವಾಕ್ಯ, ಉದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ತಮ್ಮಾ, ನಿನ್ನ ಆರು ಸುತ್ತುಗಳಲ್ಲಿ ಹೆಚ್ಚಿನವು ನಿನಗೆ ಕನ್ನಡ ಚೆನ್ನಾಗಿ ಬರುತ್ತದೆ ಅನ್ನೋದಕ್ಕೆ ಬಿದ್ದವು. 'ಮಷೀನ್ ನಿಂತಿತು. ಯಾಕಂದ್ರೆ ಪಂಪ್ ಓಡುತ್ತಿರಲಿಲ್ಲ.' ನಮ್ಮಲ್ಲಿ ಇವು ಎರಡು ಪೂರ್ತಿ ವಾಕ್ಯ; 'ಯಾಕಂದ್ರೆ' ಯಾರ ಹಂಗೂ ಇಲ್ಲದೆ ನಿಲ್ಲುತ್ತದೆ. ನೀನು ಆ ಜಾಗಕ್ಕೆ ಬಿಕಾಸ್ ತಂದು ಕೂರಿಸಿದೆ. ಆದರೆ ಬಿಕಾಸ್ ಅನ್ನೋದು 'ಯಾಕಂದ್ರೆ' ಅಲ್ಲ, 'ಓಡದೇ ಇದ್ದದ್ದರಿಂದ' ಅನ್ನೋದರ ಕೊನೆಯಲ್ಲಿರೋ 'ಇಂದ'. 'ಪಂಪ್ ಓಡದೇ ಇದ್ದದ್ದರಿಂದ' ಅಂತ ಬರೆದು ಚುಕ್ಕಿ ಇಟ್ಟರೆ 'ಇದ್ದದ್ದರಿಂದ ಏನಾಯ್ತೋ?' ಅಂತ ನೀನೇ ಕೇಳ್ತೀಯ. ನಿನ್ನ ಮ್ಯಾನೇಜರ್ ಕಿವಿಗೆ ಒಂದನೇ ನಂಬರ್ ಕೇಳಿಸೋದು ಹಾಗೇ.

ಕನ್ನಡದಲ್ಲಿ ವಾಕ್ಯ ಮುಗೀತೋ ಇಲ್ಲವೋ ಅಂತ ಬಾಲ ನೋಡಿದರೆ ಗೊತ್ತಾಗುತ್ತದೆ. ಬಂತು ಅಂದರೆ ಮುಗೀತು. ಬಂದರೆ, ಬಂದಾಗ, ಬಂದದ್ದರಿಂದ ಅಂದರೆ ಮುಂದೆ ಇನ್ನೇನೋ ಇದೆ. ಇಂಗ್ಲಿಷಲ್ಲಿ ಬಾಲ ಬದಲಾಗೋದಿಲ್ಲ, ತಲೆ ಮೇಲೆ ಒಂದು ಪದ ಹತ್ತಿ ಕೂರುತ್ತದೆ: ಇಫ್, ವೆನ್, ಬಿಕಾಸ್, ದೋ, ಅಂಟಿಲ್. 'ದಿ ಪಂಪ್ ಫೇಲ್ಡ್' ಪೂರ್ತಿ, 'ವೆನ್ ದಿ ಪಂಪ್ ಫೇಲ್ಡ್' ಅರ್ಧ. ಪದ ಜಾಸ್ತಿಯಾಗಿ ವಾಕ್ಯ ಕಮ್ಮಿಯಾಯ್ತು, ಕಂಡ್ಯಾ? ಹಾಗಾಗಿ ಇಂಗ್ಲಿಷ್ ಬರೆದಾಗ ಮೊದಲು ತಲೆ ತಡವಿ ನೋಡು.

2: 'ಚೆಕಿಂಗ್' ಒಂದೇ ಬಂದರೆ ಅದು ನಮ್ಮ 'ನೋಡುತ್ತಾ'. ಕೃದಂತಾವ್ಯಯ ಅಂತ ಹೈಸ್ಕೂಲಲ್ಲಿ ಓದಿದ್ದು ನೆನಪು ಮಾಡಿಕೋ. 'ಆಪರೇಟರ್ ಫಿಲ್ಟರ್ ನೋಡುತ್ತಾ.' ನೋಡುತ್ತಾ ಏನು ಮಾಡಿದ? 'ವಾಸ್ ಚೆಕಿಂಗ್' ಅಂದರೆ 'ನೋಡುತ್ತಿದ್ದ', ಆಗ ಮುಗೀತು.

3: 'ಹಳೇ ಫಿಲ್ಟರ್ ತುಂಬಾ ಕೊಳಕು.' ಕನ್ನಡಕ್ಕೆ ಇಲ್ಲಿ ಕ್ರಿಯಾಪದವೇ ಬೇಡ, ಇಂಗ್ಲಿಷಿಗೆ ಬೇಕೇ ಬೇಕು. 'ವಾಸ್' ಹಾಕು.

4: 'ಹೇಳಿದೆನು' ಅಂದರೆ ನಾನು, 'ಹೇಳಿದಳು' ಅಂದರೆ ಅವಳು. ಯಾರು ಅನ್ನೋದು ನಮ್ಮ ಕ್ರಿಯಾಪದದ ಹೊಟ್ಟೆಯಲ್ಲೇ ಇದೆ, ಅದಕ್ಕೇ ಕರ್ತೃವನ್ನು ಬಿಟ್ಟರೂ ನಡೆಯುತ್ತದೆ. 'ಇನ್‌ಫಾರ್ಮ್ಡ್' ನಾನು, ನೀನು, ಅವಳು ಎಲ್ಲರಿಗೂ ಅದೇ. 'ಐ ಇನ್‌ಫಾರ್ಮ್ಡ್ ಮೇಂಟೆನೆನ್ಸ್' ಅಂತ ಬರಿ. ಅಲ್ಲಿ 'ಟು' ಬೇಡ, ಅದು ಬೇರೆ ಜಗಳ.

ಐದನೇದು ನನಗೆ ಬಹಳ ಇಷ್ಟವಾಯ್ತು. ಹಾಗೇ ಓದಿದರೆ ಹನ್ನೆರಡು ಜಾಬುಗಳು, ಅಂದರೆ ಮಷೀನಲ್ಲಿ ತಯಾರಾದ ಬಿಡಿಭಾಗಗಳು, ಸೇರಿಕೊಂಡು ಏನನ್ನೋ ತಿರಸ್ಕರಿಸಿದವು ಅಂತ ಶುರುವಾಗುತ್ತದೆ. 'ವರ್' ಬೇಕು. ನ್ಯೂಸ್ ಪೇಪರ್ ಹೆಡ್‌ಲೈನಲ್ಲಿ ಇದನ್ನ ಬಿಡ್ತಾರೆ, ಜಾಗ ಉಳಿಸೋಕೆ. ರಿಪೋರ್ಟಿಗೆ ಆ ಬಡತನ ಇಲ್ಲ.

ಆರನೇದು ಹಿಂದಿನ ಸಾಲಿನ ಬಾಲ. 'ದಿಸ್ ಈಸ್ ಎ ಬಿಗ್ ಲಾಸ್' ಅಂದರೆ ಮುಗೀತು. 'ಅದು ದೊಡ್ಡ ನಷ್ಟ' ಅನ್ನೋಕೆ ಹೋಗಿ 'ವಿಚ್' ಹಿಡಿದಿದ್ದೀಯ. ಪ್ರಶ್ನೆ ಕೇಳುವಾಗ ಮಾತ್ರ 'ವಿಚ್ ಈಸ್ ದಿ ಬಿಗ್ಗರ್ ಲಾಸ್?' ತಾನಾಗಿ ನಿಲ್ಲುತ್ತದೆ.

ಘಟ್ಟದ ಕೆಳಗಿನವ:
ಮೇಡಂ ಹೇಳಿದ್ದೆಲ್ಲ ಸರಿಯೇ ಮಾರಾಯ್ರೇ, ಆದರೆ ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಕೃದಂತಾವ್ಯಯ ಯಾರಿಗೆ ನೆನಪಾಗ್ತದೆ? ನಾನು ಮಾಡುವುದು ಇಷ್ಟೇ: ಸಾಲಿನ ಹಿಂದೆ 'ಐ ನೋ ದಟ್' ಸೇರಿಸಿ ಓದುವುದು. 'ಐ ನೋ ದಟ್ ದಿ ಪಂಪ್ ಫೇಲ್ಡ್', ಕೂತಿತು. 'ಐ ನೋ ದಟ್ ಓಲ್ಡ್ ಫಿಲ್ಟರ್ ವೆರಿ ಡರ್ಟಿ', ಕೂರಲಿಲ್ಲ.

ವರ್ಡ್‌ನ ಗೆರೆಯನ್ನು ಪೂರ್ತಿ ನಂಬಬೇಡಿ. ಹಳೇ ವರ್ಷನ್ನಿನಲ್ಲಿ ಹಸಿರು ಗೆರೆ ಎಳೆದು 'ಫ್ರಾಗ್ಮೆಂಟ್, ಕನ್ಸಿಡರ್ ರಿವೈಸಿಂಗ್' ಅಂತಿತ್ತು. ಒಮ್ಮೊಮ್ಮೆ ಸರಿ ಇದ್ದದ್ದಕ್ಕೂ ಎಳೀತದೆ, ತಪ್ಪು ಇದ್ದದ್ದನ್ನ ಬಿಡ್ತದೆ.

ಲೇತ್ ಹುಡುಗ:
ಮೇಡಂ, ಸಾರ್, ತುಂಬಾ ಥ್ಯಾಂಕ್ಸ್. ಟೆಸ್ಟ್ ಹಾಕಿ ನೋಡಿದೆ. ಒಂದು ಕಡೆ ಕೈ ಕೊಡ್ತು. 'ಐ ನೋ ದಟ್ ಬಿಕಾಸ್ ದಿ ಪಂಪ್ ವಾಸ್ ನಾಟ್ ವರ್ಕಿಂಗ್.' ಇದು ಚೆನ್ನಾಗೇ ಕೂರುತ್ತಲ್ಲ? ಹಾಗಾದ್ರೆ ಒಂದನೇದು ಪಾಸಾ?

ಧಾರವಾಡದ ಟೀಚರ್:
ಭಲೇ! ನನ್ನ ಕ್ಲಾಸಿನಲ್ಲಿ ಇದುವರೆಗೆ ಯಾರೂ ಇದನ್ನ ಹಿಡಿದಿಲ್ಲ. ಅಲ್ಲಿ 'ದಟ್' ವೇಷ ಬದಲಿಸಿತು. 'ಪಂಪ್ ಕೆಟ್ಟಿದೆ ಅಂತ ಗೊತ್ತು' ಅನ್ನೋದರ 'ಅಂತ' ಆಗಿರಬೇಕಾದದ್ದು, 'ಅದು ನನಗೆ ಗೊತ್ತು, ಯಾಕಂದ್ರೆ' ಅನ್ನೋದರ 'ಅದು' ಆಗಿಬಿಟ್ಟಿತು. 'ಇಟ್ ಈಸ್ ಟ್ರೂ ದಟ್' ಹಾಕಿ ನೋಡು, ಆ ಆಟ ನಡೆಯೋದಿಲ್ಲ. 'ಇಟ್ ಈಸ್ ಟ್ರೂ ದಟ್ ಬಿಕಾಸ್ ದಿ ಪಂಪ್ ವಾಸ್ ನಾಟ್ ವರ್ಕಿಂಗ್…' ಅಲ್ಲೇ ಜೋತಾಡುತ್ತದೆ.

ಇದೂ ಎರಡು ಕಡೆ ಸೋಲುತ್ತದೆ. ಒಂದು ಪ್ರಶ್ನೆ, ಇನ್ನೊಂದು ಅಪ್ಪಣೆ. 'ಸ್ಟಾಪ್ ದಿ ಮಷೀನ್' ಪೂರ್ತಿ ವಾಕ್ಯ, ನಮ್ಮ 'ನಿಲ್ಲಿಸು' ಹಾಗೆ 'ನೀನು' ಒಳಗೇ ಇದೆ, ಆದರೆ ಟೆಸ್ಟಿನಲ್ಲಿ ಕೂರೋದಿಲ್ಲ.

ಲೇತ್ ಹುಡುಗ:
ಇವತ್ತಿನ ರಿಪೋರ್ಟ್: 'ದಿ ಪಂಪ್ ಫೇಲ್ಡ್, ದಿ ಮಷೀನ್ ಸ್ಟಾಪ್ಡ್, ಐ ಇನ್‌ಫಾರ್ಮ್ಡ್ ಮೇಂಟೆನೆನ್ಸ್, ದೇ ಚೇಂಜ್ಡ್ ದಿ ಫಿಲ್ಟರ್.' ಚುಕ್ಕಿ ಇಟ್ಟರೆ ತಾನೇ ತುಂಡಾಗೋದು ಅಂತ ಎಲ್ಲ ಕಡೆ ಕಾಮಾ ಹಾಕಿದೆ. ಈಗ ಸುತ್ತು ಇಲ್ಲ. ಬದಲಿಗೆ 'ರನ್-ಆನ್' ಅಂತ ಬರೆದಿದ್ದಾರೆ.

ತೆಂಗಿನಗರಿ:
ಹಹಹ! ಬಾಣಲೆಯಿಂದ ಬೆಂಕಿಗೆ.

ಧಾರವಾಡದ ಟೀಚರ್:
ನಗಬ್ಯಾಡ್ರಿ, ಹುಡುಗ ಅರ್ಧ ದಾರಿ ಬಂದಾನ. ಈಗ ಪ್ರತಿ ತುಂಡೂ ತನ್ನ ಕಾಲ ಮೇಲೆ ನಿಂತಿದೆ, ಮೊದಲು ನಿಂತಿರಲಿಲ್ಲ. ರನ್-ಆನ್ ಅಂದರೆ ಪೂರ್ತಿ ವಾಕ್ಯಗಳನ್ನ ಸರಿಯಾಗಿ ಜೋಡಿಸದೆ ಒಂದೇ ಸಾಲಾಗಿ ಓಡಿಸೋದು. ಕಾಲಿದ್ದವರನ್ನ ಕಾಮಾದಿಂದ ಕಟ್ಟಬೇಡ, ಚುಕ್ಕಿ ಇಡು. ಜೋಡಿಸಲೇಬೇಕು ಅಂದರೆ 'ಆಂಡ್', 'ಸೋ' ಬಳಸು: 'ದಿ ಪಂಪ್ ಫೇಲ್ಡ್, ಸೋ ದಿ ಮಷೀನ್ ಸ್ಟಾಪ್ಡ್.'

ಲೇತ್ ಹುಡುಗ:
ಆಯ್ತು ಮೇಡಂ. ಕೊನೇ ಡೌಟು. ನಾಳೆ ರಜಾ ಕೇಳಬೇಕು. ಸ್ಕೂಲಲ್ಲಿ ಬಾಯಿಪಾಠ ಮಾಡಿಸಿದ್ದು ಹೀಗೆ: 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್. ಕೈಂಡ್ಲಿ ಗ್ರಾಂಟ್ ಮಿ ಲೀವ್. ಥ್ಯಾಂಕಿಂಗ್ ಯೂ.' ಇದರಲ್ಲೂ ಇದೆಯಾ?

ಧಾರವಾಡದ ಟೀಚರ್:
ಎರಡಿವೆ! 'ಆಸ್' ಬಿಕಾಸಿನ ತಮ್ಮ, ಅಲ್ಲಿ ಚುಕ್ಕಿ ತೆಗೆದು ಕಾಮಾ ಹಾಕು. 'ಥ್ಯಾಂಕಿಂಗ್ ಯೂ' ಅಂದರೆ 'ವಂದಿಸುತ್ತಾ', ಅಷ್ಟೇ. ಹಳೇ ಕಾಲದ ಪತ್ರದಲ್ಲಿ ಅದರ ಮುಂದೆ 'ಐ ರಿಮೇನ್, ಯುವರ್ಸ್ ಫೇತ್‌ಫುಲಿ' ಅಂತಿರುತ್ತಿತ್ತು, ಆಗ ಅದು ಪೂರ್ತಿ ವಾಕ್ಯ. ನಡುವಿನ 'ಐ ರಿಮೇನ್' ಉದುರಿಹೋಯ್ತು, ತಲೆ ಮಾತ್ರ ನಮ್ಮ ರಜಾ ಚೀಟಿಯಲ್ಲಿ ಉಳೀತು. ನೀನು 'ಥ್ಯಾಂಕ್ ಯೂ' ಅಂತ ಬರಿ.

ಜ್ವರ ಖರೆ ಇದೆಯೋ, ಚೀಟಿಗಷ್ಟೇ ಬಂದದ್ದೋ?

ಲೇತ್ ಹುಡುಗ:
ಖರೇನೇ ಮೇಡಂ. ಬಿಕಾಸ್ ಮೂರು ರಾತ್ರಿಯಿಂದ ನಿದ್ದೆ ಇಲ್ಲ.