ಮಿಲಾವಾ, ಕಿಂಗ್ ವ್ಯಾಲಿ ಕಡೆ ಮೂರು ದಿನ: ಸಸ್ಯಾಹಾರಿ ಅತ್ತೆ, ದ್ರಾಕ್ಷಿ ಬೆಳೆದ ಮಾವ. ಹೇಗೆ ಪ್ಲಾನ್ ಮಾಡಲಿ?

ಪ್ರಶ್ನೆ (ಮೆಲ್ಬರ್ನ್‌ನಿಂದ ಒಬ್ಬ ಸದಸ್ಯ):

ಅಕ್ಕ, ನಮಸ್ಕಾರ. ನೀವು ವಿಕ್ಟೋರಿಯಾದ ವೈನರಿಗಳಲ್ಲಿ ಕೆಲಸ ಮಾಡಿದವರು, ಈಗ ಸಣ್ಣ ಗುಂಪುಗಳನ್ನು ಸುತ್ತಾಡಿಸುತ್ತೀರಿ ಅಂತ ಇಲ್ಲೇ ಓದಿದ್ದೆ. ಏಪ್ರಿಲ್‌ನಲ್ಲಿ ಅತ್ತೆ ಮಾವ ದೊಡ್ಡಬಳ್ಳಾಪುರದಿಂದ ಬರುತ್ತಿದ್ದಾರೆ. ಮಾವ ತುಂಬಾ ವರ್ಷ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದವರು. ಅಪರೂಪಕ್ಕೆ ಒಂದು ಗ್ಲಾಸ್ ವೈನ್ ಕುಡಿಯುತ್ತಾರೆ. ಅತ್ತೆ ಕುಡಿಯುವುದಿಲ್ಲ, ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಮೊದಲ ದಿನ ಯಾರಾ ವ್ಯಾಲಿ, ಎರಡನೇ ದಿನ ಕಿಂಗ್ ವ್ಯಾಲಿ ಮತ್ತು ರುದರ್‌ಗ್ಲೆನ್, ಮೂರನೇ ದಿನ ಮಾರ್ನಿಂಗ್ಟನ್ ಅಂತ ಬರೆದಿಟ್ಟಿದ್ದೇನೆ. ಸರಿ ಹೋಗುತ್ತಾ? ಡ್ರೈವ್ ಮಾಡುವವನು ನಾನು. ಹೆಂಡತಿಗೆ ಇನ್ನೂ ಪಿ ಪ್ಲೇಟ್ (ಹೊಸ ಡ್ರೈವರ್‌ಗಳ ತಾತ್ಕಾಲಿಕ ಲೈಸೆನ್ಸ್).

ಉತ್ತರ:

ನಮಸ್ಕಾರ. ಯಾರಾ ಮತ್ತು ಮಾರ್ನಿಂಗ್ಟನ್ ಎರಡನ್ನೂ ಬಿಟ್ಟುಬಿಡಿ. ಅವು ನಿಮ್ಮ ಮನೆಯಿಂದ ಒಂದೇ ದಿನದಲ್ಲಿ ಹೋಗಿ ಬರುವ ಜಾಗಗಳು, ಇನ್ನೊಂದು ಭಾನುವಾರ ಆಗುತ್ತದೆ. ಮೂರು ದಿನವನ್ನೂ ಈಶಾನ್ಯ ವಿಕ್ಟೋರಿಯಾಕ್ಕೇ ಕೊಡಿ. ನಿಮ್ಮ ಮಾವನಂಥ ರೈತರಿಗೆ ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಇಲ್ಲಿ ಎಷ್ಟೋ ಕಡೆ ವೈನ್ ಸುರಿದು ಕೊಡುವವರು ಆ ತೋಟದ ಮನೆಯವರೇ. ಮಾವ ಒಂದು ಪ್ರಶ್ನೆ ಕೇಳಿದರೆ ಸಾಕು, ಅರ್ಧ ಗಂಟೆ ಮಾತಾಡುತ್ತಾರೆ.

ಹ್ಯೂಮ್ ಫ್ರೀವೇಯಲ್ಲಿ ಉತ್ತರಕ್ಕೆ ಹೊರಟರೆ ಸುಮಾರು ಎರಡೂವರೆ ಗಂಟೆಗೆ ಗ್ಲೆನ್‌ರೋವನ್. ಬುಷ್‌ರೇಂಜರ್ (ಕಾಡಿನಲ್ಲಿ ಅಡಗುತ್ತಿದ್ದ ದರೋಡೆಕೋರ) ನೆಡ್ ಕೆಲ್ಲಿಯನ್ನು 1880ರಲ್ಲಿ ಪೊಲೀಸರು ಹಿಡಿದ ಊರು ಅದು. ಅಲ್ಲಿಂದ ಸ್ನೋ ರೋಡ್ ಹಿಡಿದರೆ ಆಕ್ಸ್‌ಲಿ ದಾಟಿ ಮಿಲಾವಾ. ಮಿಲಾವಾದಲ್ಲೋ ವಾಂಗರಟ್ಟಾದಲ್ಲೋ ಒಂದೇ ಕಡೆ ಎರಡು ರಾತ್ರಿ ರೂಮ್ ಮಾಡಿ. ದಿನಾ ಪೆಟ್ಟಿಗೆ ಕಟ್ಟುವ ಕೆಲಸ ಹಿರಿಯರಿಗೆ ಬೇಡ.

ಶುಕ್ರವಾರ ಮಿಲಾವಾದಲ್ಲೇ ಇರಿ. ಹಳೆಯ ಬೆಣ್ಣೆ ಫ್ಯಾಕ್ಟರಿಯಲ್ಲಿ ಮಿಲಾವಾ ಚೀಸ್ ಕಂಪನಿ ಇದೆ. ಹತ್ತಿರದಲ್ಲೇ ಬ್ರೌನ್ ಬ್ರದರ್ಸ್, 1889ರಿಂದ ಒಂದೇ ಕುಟುಂಬದ ಕೈಯಲ್ಲಿರುವ ವೈನರಿ. ಅಪರೂಪಕ್ಕೆ ಕುಡಿಯುವವರಿಗೆ ಅಲ್ಲಿಯ ಮೊಸ್ಕಾಟೊ ಒಳ್ಳೆಯ ಶುರು. ಸಿಹಿ, ತೆಳುವಾಗಿ ನೊರೆ, ಆಲ್ಕೋಹಾಲ್ ಮಾಮೂಲಿ ವೈನ್‌ನ ಅರ್ಧಕ್ಕಿಂತ ಕಡಿಮೆ.

ಶನಿವಾರ ಪೂರ್ತಿ ಕಿಂಗ್ ವ್ಯಾಲಿಗೆ. ಮಿಲಾವಾದಿಂದ ಮೊಯ್‌ಹು ದಾಟಿ ವಿಟ್‌ಫೀಲ್ಡ್‌ಗೆ ಮುಕ್ಕಾಲು ಗಂಟೆಯೊಳಗಿನ ದಾರಿ. ಅವಸರ ಮಾಡಬೇಡಿ. ರಸ್ತೆ ಪಕ್ಕದ ಹೊಲಗಳಲ್ಲಿ ಅಲ್ಲಲ್ಲಿ ಎತ್ತರದ ಹಳೆಯ ಶೆಡ್‌ಗಳು ಕಾಣುತ್ತವೆ. ಅವುಗಳಲ್ಲಿ ತಂಬಾಕು ಒಣಗಿಸುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಅಂತಾರಲ್ಲ, ಅದೇ ಕೆಲಸದ ಕಟ್ಟಡ. ಇಟಲಿಯಿಂದ ಬಂದ ಕುಟುಂಬಗಳು ಇಲ್ಲಿ ಮೊದಲು ತಂಬಾಕು ಬೆಳೆದವು. 1970ರ ದಶಕದ ಕೊನೆಯಿಂದ ಒಬ್ಬೊಬ್ಬರೇ ದ್ರಾಕ್ಷಿಗೆ ತಿರುಗಿದರು. ಮೊದಲು ಹಣ್ಣನ್ನು ದೊಡ್ಡ ವೈನರಿಗಳಿಗೆ ಮಾರಿದರು, ಆಮೇಲೆ ತಮ್ಮದೇ ಹೆಸರಿನಲ್ಲಿ ವೈನ್ ಮಾಡಿದರು. ವಿಕ್ಟೋರಿಯಾದಲ್ಲಿ ತಂಬಾಕು ಬೆಳೆ 2006ರಲ್ಲಿ ನಿಂತೇ ಹೋಯಿತು. ಒಂದು ಬೆಳೆ ಕೈಕೊಟ್ಟಾಗ ಊರಿಗೆ ಊರೇ ಇನ್ನೊಂದು ಬೆಳೆ ಹಿಡಿದು ನಿಂತ ಕಥೆ ಇದು. ಮಾವನಿಗೆ ಇದನ್ನು ಕಾರಿನಲ್ಲೇ ಹೇಳಿ. ಆಮೇಲೆ ಅವರು ನೋಡುವ ಕಣ್ಣೇ ಬೇರೆ ಇರುತ್ತದೆ.

ವಿಟ್‌ಫೀಲ್ಡ್‌ನಲ್ಲಿ ದಾಲ್ ಜೊಟ್ಟೊ, ಪಿಜ್ಜಿನಿ ಎರಡೇ ವೈನರಿ ಸಾಕು. ಆಸ್ಟ್ರೇಲಿಯದಲ್ಲಿ ಪ್ರೊಸೆಕೊ (ನೊರೆ ವೈನ್ ಮಾಡುವ ಇಟಲಿಯ ದ್ರಾಕ್ಷಿ) ಬಳ್ಳಿಯನ್ನು ಮೊದಲು ನೆಟ್ಟದ್ದು ದಾಲ್ ಜೊಟ್ಟೊ ಕುಟುಂಬ, 1999ರಲ್ಲಿ. ಪಿಜ್ಜಿನಿಯಲ್ಲಿ ಸಾಂಜೊವೇಸೆ, ನೆಬ್ಬಿಯೊಲೊ ಎಂಬ ಇಟಲಿಯ ಕೆಂಪು ವೈನ್‌ಗಳ ರುಚಿ ನೋಡಿ. ನೆಬ್ಬಿಯೊಲೊ ತಡವಾಗಿ ಹಣ್ಣಾಗುವ ತಳಿ. ನಿಮ್ಮ ಅದೃಷ್ಟಕ್ಕೆ ಏಪ್ರಿಲ್‌ನಲ್ಲಿ ಕೊನೆಯ ಗೊಂಚಲುಗಳು ಬಳ್ಳಿಯಲ್ಲೇ ಸಿಗಬಹುದು. ಊಟ ಮುಗಿಸಿ ಪವರ್ಸ್ ಲುಕ್‌ಔಟ್‌ಗೆ ಹೋಗಿ, ಇಡೀ ಕಣಿವೆ ಕೆಳಗೆ ಕಾಣುತ್ತದೆ. ಕತ್ತಲಾಗುವ ಮುಂಚೆ ವಾಪಸ್ ಹೊರಡಿ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಹಾರುತ್ತವೆ.

ಭಾನುವಾರ ವಾಂಗರಟ್ಟಾ ಮೇಲೆ ರುದರ್‌ಗ್ಲೆನ್. ಅದರ ಬಗ್ಗೆ ಕೆಳಗೆ ಬರೆಯುತ್ತೇನೆ, ಯಾಕೆಂದರೆ ಅಲ್ಲಿ ಒಂದು ವೈನ್ ಇದೆ, ಅದನ್ನು ಬಿಡಲೇಬಾರದು.

ಮರುಪ್ರಶ್ನೆ:

ತುಂಬಾ ಥ್ಯಾಂಕ್ಸ್ ಅಕ್ಕ. ಹಾಗಾದರೆ ನಾನು ರುಚಿ ನೋಡುವುದೇ ಬೇಡವಾ? ಮತ್ತೆ ಅತ್ತೆ ಊಟಕ್ಕೆ ಏನು ಮಾಡಲಿ?

ಉತ್ತರ:

ಡ್ರೈವಿಂಗ್ ಮೊದಲು. ಪೂರ್ಣ ಲೈಸೆನ್ಸ್‌ಗೆ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇಕಡಾ 0.05. ಪಿ ಪ್ಲೇಟ್‌ನವರಿಗೆ ಸೊನ್ನೆ, ಒಂದು ಗುಟುಕೂ ಇಲ್ಲ. ಇಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ಮಾಮೂಲಿ ವೈನ್ ಆದರೆ ಸುಮಾರು 100 ಮಿ.ಲೀ. ಟೇಸ್ಟಿಂಗ್‌ನಲ್ಲಿ ಒಂದೊಂದು ಸಲ 30 ಮಿ.ಲೀ. ಸುರಿದರು ಅಂದುಕೊಳ್ಳಿ. ಐದು ಬಗೆ ನೋಡಿದರೆ ಒಂದೂವರೆ ಡ್ರಿಂಕ್ ಆಯಿತು. ಅಂಥ ಎರಡು ಜಾಗ ಆದರೆ ಮೂರು. ಸ್ವಲ್ಪ ಸ್ವಲ್ಪ ಅಂತಲೇ ಲೆಕ್ಕ ತಪ್ಪುವುದು ಹೀಗೆ.

ಅದಕ್ಕೇ ಉಗುಳುವ ಪಾತ್ರೆ ಇಟ್ಟಿರುತ್ತಾರೆ. ನಮ್ಮವರು ಹಿರಿಯರ ಮುಂದೆ ಉಗುಳಲು ನಾಚಿಕೊಳ್ಳುತ್ತಾರೆ, ನಾನು ದಿನಾ ನೋಡುತ್ತೇನೆ. ನಾಚಿಕೆ ಬೇಡ. ವೈನ್ ಮಾಡುವವರೇ ದಿನವಿಡೀ ಉಗುಳುತ್ತಾರೆ. ಬಾಯಲ್ಲಿ ಆಡಿಸಿ, ಉಗುಳಿ, ಇಷ್ಟವಾದ ಬಾಟಲಿ ಕೊಂಡು ರಾತ್ರಿ ರೂಮಿನಲ್ಲಿ ನೆಮ್ಮದಿಯಾಗಿ ಕುಡಿಯಿರಿ. ಇಲ್ಲವೇ ಶನಿವಾರ ಒಂದು ದಿನ ಡ್ರೈವರ್ ಇರುವ ಟೂರ್ ಗಾಡಿ ಮಾಡಿ. ವಿಟ್‌ಫೀಲ್ಡ್‌ನಲ್ಲಿ ಟ್ಯಾಕ್ಸಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ.

ಈಗ ಅತ್ತೆಯ ಊಟ. ಇಟಾಲಿಯನ್ ಅಡುಗೆ ಅಂದಮೇಲೆ ಸಸ್ಯಾಹಾರ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊಟ್ಟೆಯೂ ಬೇಡ ಅಂದಾಗ ಅಷ್ಟು ಸುಲಭ ಇಲ್ಲ. ಅಲ್ಲೇ ಮಾಡಿದ ಹಸಿ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ, ನ್ಯೋಕಿಯಲ್ಲೂ (ಆಲೂಗಡ್ಡೆಯ ಸಣ್ಣ ಉಂಡೆ) ಸಾಮಾನ್ಯವಾಗಿ ಇರುತ್ತದೆ. ರಿಸೊಟೊಗೆ (ಇಟಲಿಯ ಅನ್ನದ ಅಡುಗೆ) ಕೋಳಿ ಬೇಯಿಸಿದ ನೀರು, ಅಂದರೆ ಸ್ಟಾಕ್, ಹಾಕಿರಬಹುದು. ಒಣ ಪಾಸ್ತಾ ಆದರೆ ಹೆಚ್ಚಿನ ಕಡೆ ಗೋಧಿ, ನೀರು ಅಷ್ಟೇ. ಪೊಲೆಂಟಾ (ಜೋಳದ ಹಿಟ್ಟಿನ ಗಂಜಿ), ಸುಟ್ಟ ತರಕಾರಿ, ಟೊಮೆಟೊ ಬೆಳ್ಳುಳ್ಳಿಯ ಮರಿನಾರಾ ಪಿಜ್ಜಾ ಪರವಾಗಿಲ್ಲ. ಮರಿನಾರಾ ಅಂತ ಕೇಳಿದಾಗ ಮಾತ್ರ ಎಚ್ಚರ, ಆಸ್ಟ್ರೇಲಿಯದಲ್ಲಿ ಆ ಹೆಸರಿಗೆ ಸೀಫುಡ್ ಹಾಕಿ ಕೊಡುವ ಹೋಟೆಲ್‌ಗಳು ಬಹಳ.

ಚೀಸ್‌ನಲ್ಲಿ ರೆನೆಟ್ ಕೇಳಿ. ಹಾಲು ಒಡೆಸಲು ಹಾಕುವ ಈ ಪದಾರ್ಥ ಕೆಲವು ಚೀಸ್‌ಗೆ ಕರುವಿನ ಹೊಟ್ಟೆಯಿಂದ ಬರುತ್ತದೆ, ಕೆಲವಕ್ಕೆ ಸೂಕ್ಷ್ಮಜೀವಿಗಳಿಂದ. ಇಟಲಿಯ ಅಸಲಿ ಪಾರ್ಮಿಜಾನೊದಲ್ಲಿ ಯಾವಾಗಲೂ ಕರುವಿನದ್ದೇ. ತುಳಸಿ ಜಾತಿಯ ಎಲೆಯ ಪೆಸ್ಟೊ ಚಟ್ನಿಗೂ ಈ ಚೀಸ್ ಹಾಕುತ್ತಾರೆ, ಹಾಗಾಗಿ ಅದನ್ನೂ ಕೇಳಿಯೇ ತಿನ್ನಬೇಕು. ಬುಕ್ ಮಾಡುವಾಗಲೇ ಫೋನ್‌ನಲ್ಲಿ "ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲು ಓಕೆ" ಅಂತ ಬಿಡಿಸಿ ಹೇಳಿ. ಬರೀ ವೆಜಿಟೇರಿಯನ್ ಅಂದರೆ ಇಲ್ಲಿ ಮೊಟ್ಟೆ ಸೇರಿಯೇ ಬರುತ್ತದೆ.

ಮಾವನೂ ಸಸ್ಯಾಹಾರಿಯಾದರೆ ಇನ್ನೊಂದು ವಿಷಯ. ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನಿಂದ ತೆಗೆದ ಐಸಿಂಗ್ಲಾಸ್ ಬಳಸುವುದುಂಟು. ಮೀನಿನದ್ದನ್ನು ಲೇಬಲ್‌ನಲ್ಲಿ ಬರೆಯಬೇಕೆಂಬ ಕಡ್ಡಾಯ ಇಲ್ಲಿಲ್ಲ. ವೀಗನ್ ಅಂತ ಬರೆದ ಬಾಟಲಿ ಕೇಳಿ, ಈಗ ಬೇಕಾದಷ್ಟು ಸಿಗುತ್ತವೆ.

ಇನ್ನೊಬ್ಬ ಸದಸ್ಯೆ:

ಮೇಡಂ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ತೋಟದೊಳಗೆ ಓಡಾಡಲು ಬಿಡ್ತಾರಾ? ಫೋಟೊ ತೆಗೆಯುವ ಆಸೆ.

ಉತ್ತರ:

ಮಕ್ಕಳು ಅಪ್ಪ ಅಮ್ಮನ ಜೊತೆ ಧಾರಾಳವಾಗಿ ಬರಬಹುದು, 18ರ ಒಳಗಿನವರಿಗೆ ವೈನ್ ಮಾತ್ರ ಇಲ್ಲ. ಬಳ್ಳಿಗಳ ಸಾಲಿನೊಳಗೆ ಮಾತ್ರ ಕೇಳದೆ ಕಾಲಿಡಬೇಡಿ. ಕಾರಣ ಫಿಲಾಕ್ಸೆರಾ, ಬೇರು ಹೀರುವ ಒಂದು ಸಣ್ಣ ಕೀಟ. 1899ರಲ್ಲಿ ರುದರ್‌ಗ್ಲೆನ್‌ಗೆ ಬಂದು ತೋಟಗಳನ್ನೇ ನುಂಗಿತು. ಈ ಭಾಗ ಇವತ್ತಿಗೂ ಅದರ ಸೋಂಕು ವಲಯ. ಶೂಗೆ ಅಂಟಿದ ಮಣ್ಣಿನಲ್ಲೇ ಅದು ಊರು ದಾಟುತ್ತದೆ. ಇಲ್ಲಿ ಮೆಟ್ಟಿದ ಚಪ್ಪಲಿಯಲ್ಲಿ ಮರುದಿನ ಬೇರೆ ಕಡೆಯ ತೋಟಕ್ಕೆ ಹೋಗಬೇಡಿ. ದ್ರಾಕ್ಷಿ, ಎಲೆ ಯಾವುದನ್ನೂ ಕಿತ್ತುಕೊಂಡು ಹೋಗಬೇಡಿ. ಯಾರದೋ ಮೂರು ತಲೆಮಾರಿನ ದುಡಿಮೆ ಅದು.

ಮೊದಲು ಪ್ರಶ್ನೆ ಕೇಳಿದವರ ಮಾವನಿಗೂ ಇದೇ ಮಾತು. ಅವರು ತೋಟದವರನ್ನೇ ಕೇಳಿ ಅವರ ಜೊತೆ ಹೋಗಲಿ. ನೋಡಲು ತುಂಬಾ ಇದೆ. ನಮ್ಮಲ್ಲಿ ಬೆಂಗಳೂರು ಬ್ಲೂಗೆ ತಲೆ ಮೇಲೆ ಚಪ್ಪರ, ವರ್ಷಕ್ಕೆ ಎರಡು ಸಲ ಸವರುವುದು, ಎರಡು ಬೆಳೆ. ಇಲ್ಲಿ ತಂತಿಗೆ ಕಟ್ಟಿದ ನೆಟ್ಟಗಿನ ಸಾಲುಗಳು. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಆಗ ಒಂದು ಸಲ ಸವರುತ್ತಾರೆ, ಬೆಳೆಯೂ ಒಂದೇ.

ಮರುಪ್ರಶ್ನೆ (ಮೊದಲ ಸದಸ್ಯ):

ರುದರ್‌ಗ್ಲೆನ್ ವೈನ್ ಯಾವುದು ಅಕ್ಕ? ಊರಿಗೆ ಒಯ್ಯಬಹುದಾ?

ಉತ್ತರ:

ಮಸ್ಕಟ್. ಕೆಂಪು ಛಾಯೆಯ ಸಣ್ಣ ಮಸ್ಕಟ್ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಸುಕ್ಕುಗಟ್ಟಲು ಬಿಡುತ್ತಾರೆ. ರಸ ಹುಳಿಯಲು ಶುರುವಾದ ಸ್ವಲ್ಪದರಲ್ಲೇ ದ್ರಾಕ್ಷಿ ಸ್ಪಿರಿಟ್ ಹಾಕಿ ನಿಲ್ಲಿಸುತ್ತಾರೆ, ಸಕ್ಕರೆ ಹಾಗೇ ಉಳಿಯುತ್ತದೆ. ಆಮೇಲೆ ತಗಡಿನ ಸೂರಿನ ಬಿಸಿ ಶೆಡ್‌ಗಳಲ್ಲಿ ಮರದ ಪೀಪಾಯಿಯೊಳಗೆ ವರ್ಷಗಟ್ಟಲೆ ಇಡುತ್ತಾರೆ. ನೀರು ಆರುತ್ತಾ ಹೋದಂತೆ ವೈನ್ ಗಟ್ಟಿಯಾಗುತ್ತದೆ. ರುದರ್‌ಗ್ಲೆನ್, ಕ್ಲಾಸಿಕ್, ಗ್ರ್ಯಾಂಡ್, ರೇರ್ ಅಂತ ನಾಲ್ಕು ದರ್ಜೆ. ರೇರ್ ಅನ್ನು ಗ್ಲಾಸಿಗೆ ಹಾಕಿ ಓರೆ ಮಾಡಿ ನೋಡಿ. ನಡುವೆ ಕಡು ಕಂದು, ಅಂಚಿನಲ್ಲಿ ತೆಳು ಹಸಿರು, ಗಾಜಿನ ಗೋಡೆಯ ಮೇಲೆ ಜೋನಿ ಬೆಲ್ಲದಂತೆ ನಿಧಾನವಾಗಿ ಇಳಿಯುತ್ತದೆ. ಮೂಗಿಗೆ ಒಣದ್ರಾಕ್ಷಿ, ಕಾಫಿ. ಮಾರಿಸ್, ಚೇಂಬರ್ಸ್ ರೋಸ್‌ವುಡ್, ಕ್ಯಾಂಪ್‌ಬೆಲ್ಸ್ ಮೂರೂ 19ನೇ ಶತಮಾನದ ಮನೆಗಳು. ಎರಡು ಕಡೆ ಹೋದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ.

ಇದು 17, 18 ಶೇಕಡಾ ಆಲ್ಕೋಹಾಲ್, ವಾಪಸ್ ಗಂಟೆಗೆ 110 ಕಿ.ಮೀ. ವೇಗದ ಹೈವೇ ಹಿಡಿಯುವ ದಿನ ನೀವು ಉಗುಳಲೇಬೇಕು.

ಊರಿಗೆ ಒಯ್ಯಬಹುದು. ಭಾರತಕ್ಕೆ ತಲೆಗೆ 2 ಲೀಟರ್ ಮದ್ಯ ಸುಂಕವಿಲ್ಲದೆ ಬಿಡುತ್ತಾರೆ. ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಿ. ಅರ್ಧ ಬಾಟಲಿ ಕೊಂಡರೆ ಸಾಕು, ಮಾವ ಊಟದ ನಂತರ ಎರಡು ಚಮಚ ಕುಡಿಯುವವರು. ಮುಚ್ಚಳ ತೆಗೆದ ಮೇಲೂ ತಂಪು ಜಾಗದಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಒಂದು ಮಾತು ಉಳಿಯಿತು: ಗುಡ್ ಫ್ರೈಡೇ ದಿನ ಬಹಳ ಕಡೆ ಬಾಗಿಲು ಹಾಕಿರುತ್ತಾರೆ, ಈಸ್ಟರ್ ವಾರ ರೂಮೂ ಸಿಗುವುದಿಲ್ಲ. ತಾರೀಖು ನೋಡಿ ಹೇಳಿ, ಊಟದ ಬುಕಿಂಗ್ ಯಾವುದು ಮೊದಲು ಮಾಡಬೇಕು ಅಂತ ತಿಳಿಸುತ್ತೇನೆ.